ಕೋರ್ಟಿನ ಕರೆ ತರುವ ಚಂದ್ರಕ್ಕ

ಬೆಳಗಿನ ಆರು ಗಂಟೆ. ಮಾರಿಕಣಿವೆ ಕಡೆಯ ಹಳ್ಳಿಯೊಂದರಲ್ಲಿ ಸ್ಕೂಟರ್ ನಿಲ್ಲಿಸಿ, ಚಂದ್ರಕ್ಕ ಹೆಲ್ಮೆಟ್ ತೆಗೆದು ಸೆರಗು ಸರಿಮಾಡಿಕೊಳ್ಳುತ್ತಾರೆ. ಹೆಗಲ ಚೀಲದಲ್ಲಿ ಹಿರಿಯೂರು ನ್ಯಾಯಾಲಯದ ಸಮನ್ಸುಗಳಿವೆ. "ಬಿಸಿಲೇರಿದ್ರೆ ಯಾರೂ ಮನೇಲಿ ಸಿಗಲ್ಲ. ಹೊಲ, ಕೂಲಿ ಅಂತ ಹೊಂಟ್ಹೋಗ್ತಾರೆ," ಎನ್ನುತ್ತಾ ಮೊದಲ ಬಾಗಿಲು ತಟ್ಟುತ್ತಾರೆ.

ಹುದ್ದೆಯ ಹೆಸರು ಆದೇಶ ಜಾರಿಕಾರರು. ಊರವರ ಬಾಯಲ್ಲಿ 'ಅಮೀನಕ್ಕ'. ಯಾರ ಮೇಲೆ ದಾವೆ ಹೂಡಲಾಗಿದೆಯೋ ಅವರಿಗೆ ನ್ಯಾಯಾಲಯದ ಕರೆ ಮುಟ್ಟಿಸುವುದು ಅವರ ಕೆಲಸ. ನಾಯಿ ಬಿಟ್ಟವರಿದ್ದಾರೆ, ಮುಖಕ್ಕೇ ಬಾಗಿಲು ಹಾಕಿದವರಿದ್ದಾರೆ. "ಶುರುವಿನಾಗೆ ಅಳು ಬರ್ತಿತ್ತು. ಆಮೇಲೆ ತಿಳೀತು, ಅವ್ರು ಬೈಯದು ನಂಗಲ್ಲ, ಹೆದ್ರಿಕೆಗೆ ಬೈತಾರೆ."

ಆ ಹೆದರಿಕೆ ಏನೆಲ್ಲ ಮಾಡಬಲ್ಲದು ಎಂದು ಕೇಳಿದರೆ ಅವರು ರೇಣುಕಮ್ಮನ ಮನೆ ತೋರಿಸುತ್ತಾರೆ. ಗಂಡ ತೀರಿಕೊಂಡ ಮೇಲೆ ಮೀನು ಮಾರಿ ಬದುಕುತ್ತಿದ್ದ ರೇಣುಕಮ್ಮನ ಮೇಲೆ ಗಂಡನ ಅಣ್ಣ ಚಿತ್ತಯ್ಯ, ಇಡೀ ಮನೆ ತನ್ನದೆಂದು ದಾವೆ ಹೂಡಿದ್ದರು. ಚಂದ್ರಕ್ಕ ಹೋದಾಗ ಆಕೆ ಒಳಗಿನಿಂದ ಚಿಲಕ ಹಾಕಿಕೊಂಡರು. ಕಾಗದ ಮುಟ್ಟಿದರೆ ಮನೆ ಬಿಡಬೇಕಾಗುತ್ತದೆ ಎಂದು ಯಾರೋ ಹೆದರಿಸಿದ್ದರು.

"ಬೇಡ ಅಂದ್ಲು ಅಂತ ಬರಕಂಡು ಹೋಗ್ರಿ ಅಕ್ಕಾ," ಎಂದರು ಅಲ್ಲೇ ನಿಂತಿದ್ದ ಚಿತ್ತಯ್ಯ. ಹಾಗೆ ಬರೆದು, ಪ್ರತಿಯನ್ನು ಬಾಗಿಲಿಗೆ ಅಂಟಿಸಿ ಹೊರಡಲು ನಿಯಮದಲ್ಲಿ ಅವಕಾಶವಿದೆ; ಕರೆ ಮುಟ್ಟಿದಂತೆಯೇ ಲೆಕ್ಕ. ರೇಣುಕಮ್ಮ ಕೋರ್ಟಿಗೆ ಬಾರದಿದ್ದರೆ ಚಿತ್ತಯ್ಯ ಒಬ್ಬರ ಮಾತಿನ ಮೇಲೆಯೇ ತೀರ್ಪಾಗಬಹುದಿತ್ತು.

ಚಂದ್ರಕ್ಕ ಹೊರಡಲಿಲ್ಲ, ಜಗಲಿಯ ಮೇಲೆ ಕುಳಿತರು. ಮುಚ್ಚಿದ ಬಾಗಿಲಿಗೇ ಹೇಳಿದರು: "ತಾಯೀ, ಇದು ಶಿಕ್ಷೆ ಅಲ್ಲ. ನಿಮ್ಮ ಭಾವ ಹೇಳಿದ್ದಾಯ್ತು, ಈಗ ನೀವು ಹೇಳ್ರಿ ಅಂತ ಕೋರ್ಟು ಕರೀತೈತೆ. ವಕೀಲ್ರನ್ನ ಇಟ್ಕಳಾಕೆ ಆಗ್ದಿದ್ರೆ ಅಲ್ಲೇ ಕಾನೂನು ಸೇವಾ ಸಮಿತಿ ಐತೆ, ಅವ್ರೇ ಕೊಡ್ತಾರೆ."

ಬಿಸಿಲು ಜಗಲಿಗೆ ಬಂದ ಮೇಲೆ ಚಿಲಕ ಸರಿಯಿತು. ರೇಣುಕಮ್ಮ ಸಮನ್ಸು ಪಡೆದು ಹೆಬ್ಬೆಟ್ಟು ಒತ್ತಿದರು. ಕೋರ್ಟಿಗೆ ಹೋಗಿ, ಉಚಿತ ವಕೀಲರ ನೆರವಿನಿಂದ ತಮ್ಮ ಮಾತು ಹೇಳಿದರು. ಮನೆಯಲ್ಲಿ ಅರ್ಧ ಅವರದೆಂದು ಕಳೆದ ವರ್ಷ ತೀರ್ಪಾಗಿದೆ. "ಅಮೀನಕ್ಕ ಅವತ್ತು ಎದ್ದು ಹೋಗಿದ್ರೆ ನಾನು ಬೀದೀಲಿರ್ತಿದ್ದೆ," ಎನ್ನುತ್ತಾರೆ ರೇಣುಕಮ್ಮ.

ಚಂದ್ರಕ್ಕ ಇದನ್ನು ಒಪ್ಪುವುದಿಲ್ಲ. "ಆ ಕಡೆ ಈ ಕಡೆ ಅಂತ ನಂಗಿಲ್ಲ. ಆವಮ್ಮ ಸೋತಿದ್ರೂ, ಹೇಳ್ಕಂಡು ಸೋತ್ಲು ಅಂತಾಗ್ತಿತ್ತು. ಬಾಯಿ ಬಿಡದಂಗೆ ಸೋಲಬಾರದು ನೋಡ್ರಿ."

ಇನ್ನೂ ಎರಡು ಊರು ಸುತ್ತುವುದಿದೆ. ಸ್ಕೂಟರ್ ಏರಿ, ಹೆಲ್ಮೆಟ್ ಹಾಕಿಕೊಳ್ಳುತ್ತಾ ಹೇಳುತ್ತಾರೆ: "ತೀರ್ಪು ಬರಿಯೋರು ಜಡ್ಜ್ ಸಾಹೇಬ್ರು. ಆದ್ರೆ ನಾನು ಬಂದು ಬಾಗ್ಲು ತಟ್ಟೋಗಂಟ ಅವ್ರೂ ಪೆನ್ನೆತ್ತಂಗಿಲ್ಲ."