ಅಂಗೈಗೆ ಅಂಟಿದ ಬನ್ನಿ

ದಸರೆಯ ಸಂಜೆ ನನ್ನ ಮಗಳು ಅರ್ಧ ಡಬ್ಬಿ ಪೌಡರ್ ಸುರಿದುಕೊಂಡಳು. ಮುಖಕ್ಕಲ್ಲ, ಅಂಗೈಗೆ!

ಎರಡೇ ನಿಮಿಷ. ಪೌಡರ್ ಹೋಗಿ ಮಿರ್ಚಿ ಭಜಿಯ ಹಿಟ್ಟಾಯಿತು. ಕೈ ತೊಳೆದುಕೊಂಡು ಬಂದು ಮಂಚದ ಮೇಲೆ ಕೂತುಬಿಟ್ಟಳು.

"ಅಪ್ಪಾ, ನಾ ಬನ್ನಿ ಕೊಡಾಕ ಎಲ್ಲಿಗೂ ಬರೂದಿಲ್ಲ. ನೀನ ಹೋಗಿ ಬಾ."

ಭುವನಾ ಈಗ ಹತ್ತನೇ ಕ್ಲಾಸು. ಅವಳ ಅಂಗೈ ಸದಾ ಒದ್ದೆ. ಫ್ಯಾನಿನ ಕೆಳಗೂ ಒದ್ದೆ, ಚಳಿಗಾಲದಲ್ಲೂ ಒದ್ದೆ. ("ಯಾಕ, ಹೆದರ್ಕೊಂಡೀಯೇನ?" ಎಂದು ಕೇಳುವವರೇ ಎಲ್ಲ.) ಹೆದರುವಂಥದ್ದೇನಲ್ಲ, ಬೆವರು ಸ್ವಲ್ಪ ಜಾಸ್ತಿ, ಬೇಕಾದರೆ ಟ್ರೀಟ್‌ಮೆಂಟ್ ಇದೆ ಎಂದು ಡಾಕ್ಟರು ಹೇಳಿದ್ದಾರೆ. ಪಿತ್ರಾರ್ಜಿತ ಆಸ್ತಿ ಇದು. ನನ್ನಿಂದಲೇ ಬಂದದ್ದು.

ನಮ್ಮ ಕಡೆಯ ಬನ್ನಿ ಹಬ್ಬ ಗೊತ್ತಲ್ಲ? ಮನೆಮನೆಗೆ ಹೋಗಿ ಹಿರಿಯರ ಕೈಯಲ್ಲಿ ಬನ್ನಿ ಎಲೆ ಇಟ್ಟು "ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ" ಅನ್ನಬೇಕು. ನಾನು ಚಿಕ್ಕೇರೂರಿನಲ್ಲಿ ಹುಡುಗನಾಗಿದ್ದಾಗ ಎಂಥ ಚೆಂದದ ಸಂಜೆ ಅದು! ಹೊಸ ಅಂಗಿ, ಹೋಳಿಗೆ ತಿಂದ ಹೊಟ್ಟೆ, ಓಣಿ ತುಂಬ ಜನ. ನನಗೆ ಮಾತ್ರ ಅಗ್ನಿಪರೀಕ್ಷೆ. ಬನ್ನಿ ಎಲೆಗಳು ಹುಣಸೆ ಎಲೆಗಿಂತ ಸಣ್ಣವು. ಒದ್ದೆ ಕೈಗೆ ಅಂಟಿದವೆಂದರೆ ಮುಗೀತು. ಕೊಟ್ಟದ್ದು ನಾಲ್ಕೆಲೆ, ಉಳಿದದ್ದೆಲ್ಲ ನನ್ನಲ್ಲೇ.

ನಾನು ಯಾರ ಮುಖವನ್ನೂ ನೋಡುತ್ತಿರಲಿಲ್ಲ. ನನ್ನನ್ನು ಮುಟ್ಟಿದ ಕೈ ಆಮೇಲೆ ಎಲ್ಲಿಗೆ ಹೋಗುತ್ತದೆ ಎಂದು ನೋಡುತ್ತಿದ್ದೆ. ಧೋತರಕ್ಕೆ, ಸೆರಗಿಗೆ, ಟವೆಲ್ಲಿಗೆ. ನಗುನಗುತ್ತಲೇ ಒರೆಸಿಕೊಳ್ಳುತ್ತಿದ್ದರು. ಅವರದು ತಪ್ಪು ಅನ್ನಲಾರೆ. ಆದರೆ ನನಗೆ ಅಳು ಬರುತ್ತಿತ್ತು.

ಓಣಿಯ ಕೊನೆಯ ಮನೆ ನೀಲವ್ವ ಆಯಿಯದು. ಬೊಚ್ಚು ಬಾಯಿಯ ಮುದುಕಿ. ಒಂದು ದಸರೆಗೆ ಬನ್ನಿ ಕೊಟ್ಟು ಇನ್ನೇನು ಓಡಬೇಕು, ನನ್ನ ಮುಂಗೈ ಹಿಡಿದೇಬಿಟ್ಟಳು.

"ಎಲ್ಲಿ ಓಡ್ತೀಯೋ? ನನ್ನ ಪಾಲಿನ ಬಂಗಾರ ನಿನ್ನ ಕೈಯಾಗ ಉಳದೈತಿ. ಕೊಡು ಇಲ್ಲೆ!"

ಬಾಗಿಲ ಬೆಳಕಿಗೆ ನನ್ನ ಅಂಗೈ ತಿರುಗಿಸಿ, ಅಂಟಿದ ಎಲೆಗಳನ್ನು ಒಂದೊಂದಾಗಿ ಬಿಡಿಸಿಕೊಂಡಳು. ಕಣ್ಣಿಗೊತ್ತಿಕೊಂಡು ಎಲೆ ಅಡಿಕೆಯ ಸಂಚಿಗೆ ಹಾಕಿದಳು. ಅದೇ ತೇವದ ಕೈಯಿಂದ ನನ್ನ ಗಲ್ಲ ಸವರಿ ಲಟಿಕೆ ಮುರಿದಳು. ಒರೆಸಿಕೊಳ್ಳಲೇ ಇಲ್ಲ! ಆಯಿ ಹೋಗಿ ಬಹಳ ವರ್ಷಗಳಾದವು.

ಇದನ್ನೆಲ್ಲ ಭುವನಾಳಿಗೆ ಹೇಳಿದೆ. ಧೈರ್ಯ ತುಂಬುತ್ತಿದ್ದೇನೆ ಎಂದುಕೊಂಡಿದ್ದೆ. (ಅಪ್ಪಂದಿರ ಭ್ರಮೆಗೆ ಕೊನೆಯುಂಟೇ?) ಕೇಳಿದವಳು ಎದ್ದು, ಬಾಗಿಲಿಗೆ ಹೋಗಿ ಚಪ್ಪಲಿ ಮೆಟ್ಟಿಕೊಂಡಳು.

"ನಡೀ ಹಂಗಾರ. ನಮ್ಮ ಹಾನಗಲ್ಲಾಗ ಅಂಥಾ ಆಯಿ ಯಾರ ಮನ್ಯಾಗ ಅದಾರ ಹೇಳು. ಅವರೊಬ್ಬರಿಗೆ ಕೊಟ್ಟು ಬರೂಣು."

ನಮ್ಮ ಓಣಿಯ ಮನೆಗಳನ್ನೆಲ್ಲ ಮನಸ್ಸಿನಲ್ಲೇ ಸುತ್ತಿ ಬಂದೆ. ಎಲ್ಲರೂ ಒಳ್ಳೆಯವರೇ. ಕರೆದು ಕೂರಿಸುತ್ತಾರೆ, ಚಹಾ ಕೊಡುತ್ತಾರೆ. ಆದರೆ ಇವರು ಕೈ ಒರೆಸಿಕೊಳ್ಳುವುದಿಲ್ಲ ಎಂದು ಮಗಳಿಗೆ ಗ್ಯಾರಂಟಿ ಕೊಡಲು ನನಗೆ ಬಾಯಿ ಬರಲಿಲ್ಲ. ಭುವನಾ ಚಪ್ಪಲಿ ಬಿಟ್ಟು ಒಳಗೆ ಹೋದಳು. ನನ್ನ ಮೊಬೈಲಿಗೆ ಮಾತ್ರ ಟಿಣ್ ಟಿಣ್ ಎಂದು ಬನ್ನಿಯ ಫೋಟೋಗಳು ಬರುತ್ತಲೇ ಇದ್ದವು.

ಮುಂದಿನ ದಸರೆಗೆ ಅವಳನ್ನು ನಿಮ್ಮ ಮನೆಗೆ ಕರೆತರಲೇ?