ಕತ್ತರಿಯಣ್ಣನ ಎಂಟು ತಲೆಗಳು

ಕತ್ತರಿಯಣ್ಣನ ಕಟಿಂಗ್ ಶಾಪಿನಲ್ಲಿ ಕುರ್ಚಿ ಇರುವುದು ಒಂದೇ, ಬಾಯಿ ಮಾತ್ರ ಹತ್ತಾರು. ಬೆಂಚಿನ ಮೇಲೆ ಬೆಳಗಿನಿಂದ ಠಿಕಾಣಿ ಹೂಡುವವರಲ್ಲಿ ಅರ್ಧ ಜನರ ತಲೆಯಲ್ಲಿ ಕತ್ತರಿಸಲು ಕೂದಲೇ ಇಲ್ಲ. ಬೇಕರಿಯವನಂತೂ ಪೂರ್ತಿ ಬೋಳು. ಅವನು ಬರುವುದು ಪುಕ್ಕಟೆ ಪೇಪರಿಗೆ ಮತ್ತು ಬೀದಿಯ ಸುದ್ದಿಗೆ. ಎಬ್ಬಿಸಿ ಕಳಿಸೋಣವೆಂದರೆ, ಮಾತಿಲ್ಲದೆ ಕತ್ತರಿಯಣ್ಣನಿಗೂ ಕೈ ಓಡುವುದಿಲ್ಲ.

ಆ ಬೀದಿಗೆ ಜನ ಬಂದದ್ದು ದಿಕ್ಕಿಗೊಬ್ಬರಂತೆ. ಮನೆಗೊಂದು ಭಾಷೆ, ಬೈಗುಳ ಮಾತ್ರ ಎಲ್ಲರದೂ ಎಲ್ಲರಿಗೂ ಗೊತ್ತು. ವರ್ಷಕ್ಕೊಮ್ಮೆ ಶಾಲೆಯ ಸಭಾಂಗಣದಲ್ಲಿ ಕುಣಿತದ ಸಂಜೆ. ಅವರವರ ಕುಣಿತ ಅವರವರು ಕುಣಿಯುತ್ತಾರೆ, ಉಳಿದವರು ಅಂಗೈ ಕೆಂಪಾಗುವಂತೆ ಚಪ್ಪಾಳೆ ತಟ್ಟುತ್ತಾರೆ. ಅದನ್ನು ನಡೆಸುವ ಸಂಗೀತದ ಮೇಡಂ ಹಾಕಿದ ನಿಯಮ ಒಂದೇ: ಎಂಟು ಜನರಿಲ್ಲದ ಗುಂಪಿಗೆ ವೇದಿಕೆ ಇಲ್ಲ. ಕತ್ತರಿಯಣ್ಣನ ಕಡೆಯವರು ಇಡೀ ಊರಿಗೆ ಇಬ್ಬರೇ, ಅವನು ಮತ್ತು ಅವನ ತಾಯಿ. ಹೋದ ವರ್ಷ ಎಲ್ಲರ ಕುಣಿತ ನೋಡಿ ಮನೆಗೆ ಬಂದ ಮುದುಕಿ ಚಪ್ಪಲಿ ಬಿಡುತ್ತ, "ನಮ್ಮ ಕುಣಿತ ನನ್ನ ಜೊತೆಗೇ ಮಣ್ಣಾಗುತ್ತೆ ಬಿಡು" ಅಂದಳು. ಅಳಲಿಲ್ಲ. ಅತ್ತಿದ್ದರೆ ಅವನು ಸಮಾಧಾನ ಹೇಳಿ ಸುಮ್ಮನಾಗುತ್ತಿದ್ದ.

ಅಳದಿದ್ದದ್ದಕ್ಕೇ ಅವನ ನಿದ್ದೆ ಹಾರಿಹೋಯಿತು. ಮೇಡಂ ಬಳಿ ಹೋಗಿ, ಎಂಟೂ ಜನ ನಮ್ಮವರೇ ಆಗಬೇಕಾ ಎಂದು ಕೇಳಿದ. ಆಕೆ ಯೋಚಿಸಿ, ಹಾಗೇನೂ ಹೇಳಿಲ್ಲವಲ್ಲ ಎಂದು ಒಪ್ಪಿಕೊಂಡರು. ಕತ್ತರಿಯಣ್ಣನಿಗೆ ಅಷ್ಟು ಸಾಕು. ತಲೆಗಳಿಗೇನು ಬರ, ದಿನವಿಡೀ ಕೈಗೆ ಸಿಗುವುದೇ ತಲೆಗಳು!

ತಾಯಿಗೆ ಗುಟ್ಟು ಬಿಟ್ಟುಕೊಡದೆ ಪಾಠ ಶುರುವಾಯಿತು. ಗಡ್ಡಕ್ಕೆ ಸೋಪು ಹಚ್ಚಿಸಿಕೊಂಡ ಗಿರಾಕಿ ಎದ್ದು ಓಡಲಾರ. ಪೋಸ್ಟ್‌ಮ್ಯಾನ್ ಮೊದಲಾದ ನಾಲ್ವರು ಕುರ್ಚಿಯಲ್ಲಿ ಕೂತು, ಹಿಂದೆ ನಿಂತ ಕತ್ತರಿಯಣ್ಣನನ್ನು ಕನ್ನಡಿಯಲ್ಲಿ ನೋಡುತ್ತ ಕಾಲಾಡಿಸಿದರು. ಕುರ್ಚಿ ಖಾಲಿಯಾದಾಗ ಅವನು ಬೆಂಚಿನ ಕಡೆ ತಿರುಗಿ ಬೇಕರಿಯವನಿಗೂ ಇನ್ನು ಮೂರು ಬೋಳುಗಳಿಗೂ ಎದುರುಬದುರಾಗಿ ಹೆಜ್ಜೆ ತೋರಿಸಿದ. ಅಂಗಡಿಯಲ್ಲಿ ಎಂಟು ಜನ ಒಟ್ಟಿಗೆ ಕುಣಿಯಲು ಜಾಗವೆಲ್ಲಿ? ಬೇರೆ ಬೇರೆಯಾಗಿ ಎಲ್ಲರೂ ಚೆನ್ನಾಗಿಯೇ ಕಲಿತರು.

ಈ ವರ್ಷದ ಕುಣಿತದ ಸಂಜೆ ತಮ್ಮ ಕಡೆಯವರ ಹೆಸರು ಕೂಗಿದ್ದು ಕೇಳಿ, ಮುಂದಿನ ಸಾಲಿನಲ್ಲಿದ್ದ ಮುದುಕಿ ಯಾರೋ ತಪ್ಪು ಓದಿದರೆಂದುಕೊಂಡಳು. ಎಂಟು ಜನ ಕೈಕೈ ಹಿಡಿಯದೆ ಸುತ್ತಾಗಿ ನಿಂತರು. ಕತ್ತರಿಯಣ್ಣ ಬದಿಯಲ್ಲಿ ನಿಂತು ಹಾಡು ಎತ್ತಿದ. ಮೊದಲ ಹೆಜ್ಜೆಗೇ ಕುರ್ಚಿಯವರು ಬಲಕ್ಕೆ ಹೊರಟರು, ಬೆಂಚಿನವರು ಎಡಕ್ಕೆ. ಎದುರು ನಿಂತು ಕಲಿತವರಿಗೆ ಗುರುವಿನ ಬಲವೇ ಎಡವಾಗಿತ್ತು. ಪೋಸ್ಟ್‌ಮ್ಯಾನನ ಹಣೆಯೂ ಬೇಕರಿಯವನ ಬೋಳುತಲೆಯೂ ಢಿಕ್ಕಿ ಹೊಡೆದ ಸದ್ದು ಕೊನೆಯ ಸಾಲಿಗೂ ಕೇಳಿಸಿತು. ಇಬ್ಬರೂ ಮರ್ಯಾದಸ್ಥರು, ಕ್ಷಮೆ ಕೇಳಿ, ಮತ್ತೆ ತಮ್ಮ ತಮ್ಮ ದಿಕ್ಕನ್ನೇ ಹಿಡಿದು, ಮತ್ತೆ ಢಿಕ್ಕಿ ಹೊಡೆದರು.

ಕತ್ತರಿಯಣ್ಣನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಇರುವ ಒಂದೇ ಕುಣಿತವನ್ನು ತಾಯಿಯ ಕಣ್ಣೆದುರೇ ನಗೆಪಾಟಲು ಮಾಡಿದೆನಲ್ಲ! ಕೆಳಗೆ ನೋಡಿದರೆ ಮುದುಕಿ ಕುರ್ಚಿಯಲ್ಲಿಲ್ಲ. ಮಂಡಿ ಹಿಡಿದುಕೊಂಡು ವೇದಿಕೆಯ ಮೆಟ್ಟಿಲು ಹತ್ತುತ್ತಿದ್ದಳು. ನಗು ತಡೆಯಲಾರದೆ ಅವಳ ಕಣ್ಣಲ್ಲಿ ನೀರು ಬಂದಿತ್ತು. ಬೇಕರಿಯವನ ಭುಜ ಹಿಡಿದು ತಿರುಗಿಸಿದಳು, ಉಳಿದ ಮೂವರನ್ನೂ ಗದರಿ ತಿರುಗಿಸಿದಳು, ತಾನು ಒಂಬತ್ತನೆಯವಳಾಗಿ ಮುಂದೆ ನಿಂತಳು. ಹಾಡು ನಿಲ್ಲಿಸಿ ಬಾಯಿಬಿಟ್ಟುಕೊಂಡಿದ್ದ ಮಗನಿಗೂ ಒಂದು ಗದರಿಕೆ ಬಿತ್ತು. ಆಮೇಲೆ ಸುತ್ತು ಸರಿಯಾಗಿ ತಿರುಗಿತು.

ಮನೆಗೆ ನಡೆಯುವಾಗ ಕತ್ತರಿಯಣ್ಣ, ಎಲ್ಲ ಹಾಳು ಮಾಡಿದೆ ಅಂತ ಗೊಣಗುತ್ತಲೇ ಇದ್ದ. ಮುದುಕಿ ಏದುಸಿರು ಬಿಡುತ್ತ ಅವನ ತೋಳು ಹಿಡಿದಳು.

"ಎಷ್ಟು ಚೆನ್ನಾಗಿತ್ತೋ ಮಗ. ಇನ್ನು ನಾನು ಸತ್ತರೂ ಚಿಂತೆ ಇಲ್ಲ" ಅಂದಳು. ನಾಲ್ಕು ಹೆಜ್ಜೆ ನಡೆದು ನಿಂತಳು. "ಆದರೆ ಈಗಲೇ ಸಾಯೋಕಾಗಲ್ಲ. ಆ ಬೇಕರಿಯವನಿಗೆ ಇನ್ನೂ ಎಡಗಾಲಿನ ಹೆಜ್ಜೆ ಬಂದಿಲ್ಲ."