ಎಲ್ಲರ ಹಸು, ಅಕ್ಕಯ್ಯಮ್ಮನ ಸೀರೆ

ಹಸುವಿನ ಮುಂದೆ ನಿಲ್ಲಲು ನನಗೆ ಕೊಂಬಿನ ಭಯ, ಹಿಂದೆ ನಿಲ್ಲಲು ಕಾಲಿನ ಭಯ. ಮೂರು ಹೊತ್ತೂ ಕಾಫಿ ಕುಡಿದುಕೊಂಡು ಗೋವಿನ ಮಹಿಮೆಯ ಬಗ್ಗೆ ಮಾತನಾಡುವ ಪೇಟೆಯವರಲ್ಲಿ ನಾನೂ ಒಬ್ಬ. ಇಂಥ ನನ್ನನ್ನು ಹೆಂಡತಿಯ ತಮ್ಮ ನಂಜಪ್ಪ, ಸಮೇತನಹಳ್ಳಿ ಪಕ್ಕದ, ತಾನೂ ಸೇರಿದ್ದ ಕೂಡುಬೇಸಾಯದ ತೋಟ ತೋರಿಸುತ್ತೇನೆಂದು ಎಳೆದುಕೊಂಡು ಹೋದ.

ಯುದ್ಧ ಆಗಷ್ಟೇ ಮುಗಿದಿತ್ತು. ರಾಗಿಗೂ ಚೀಟಿ, ಸೀಮೆಎಣ್ಣೆಗೂ ಚೀಟಿ. ಆ ಕಷ್ಟದಲ್ಲಿ ಕೆಲವು ಒಕ್ಕಲು ಮನೆಗಳು ಹೊಲ, ನೇಗಿಲು, ದನ ಎಲ್ಲವನ್ನೂ ಒಟ್ಟು ಮಾಡಿ ದುಡಿಯತೊಡಗಿದ್ದವು. ನಂಜಪ್ಪ ಒಂದೊಂದು ಪ್ರಾಣಿಯನ್ನೂ ನೆಂಟರ ಹಾಗೆ ಪರಿಚಯ ಮಾಡಿಕೊಟ್ಟ. ಎತ್ತುಗಳು ನನಗಾಗಿ ಮೆಲುಕು ನಿಲ್ಲಿಸಲಿಲ್ಲ. ಒಂದು ಟಗರು ಮಾತ್ರ ನನ್ನ ಕೊಡೆಯ ಜೊತೆ ವಾದಕ್ಕೆ ಇಳಿಯಿತು. "ಇದು ನಮ್ಮೆತ್ತು" ಎಂದು ಬಾಯಿತಪ್ಪಿ ಅಂದಾಗಲೆಲ್ಲ ನಂಜಪ್ಪ "ಅಂದ್ರೆ ಎಲ್ಲಾರ್ದೂ" ಎಂದು ಸೇರಿಸುತ್ತಿದ್ದ. ಎಲ್ಲ ಬಿಟ್ಟ ಸನ್ಯಾಸಿಯೂ ಕಮಂಡಲವನ್ನು ಯಾರಾದರೂ ಎತ್ತಿಕೊಂಡರೆ "ನಂದು" ಅನ್ನುತ್ತಾನಂತೆ; ಇನ್ನು ನಂಜಪ್ಪ ಯಾವ ಲೆಕ್ಕ?

ಕೊಟ್ಟಿಗೆಯ ಕೊನೆಯಲ್ಲಿ ಗೌರಿ ಎಂಬ ಕಪ್ಪು ಹಸುವಿತ್ತು. ಅಕ್ಕಯ್ಯಮ್ಮ ಎಂಬ ಒಕ್ಕಲಗಿತ್ತಿ ಮದುವೆಯಲ್ಲಿ ತವರಿನಿಂದ ಹೊಡೆದುಕೊಂಡು ಬಂದ ಹಸುವಿನ ಮಗಳು. ತೋಟದ ಕಟ್ಟಳೆಯಂತೆ ಹಾಲು ಕರೆಯುವುದು ಮನೆಮನೆಗೂ ಸರದಿ. ಗೌರಿಯ ಒಪ್ಪಿಗೆಯನ್ನು ಮಾತ್ರ ಯಾರೂ ಕೇಳಿರಲಿಲ್ಲ. ಅಕ್ಕಯ್ಯಮ್ಮನ ಹೊರತು ಬೇರೆ ಯಾರು ಕೂತರೂ ಹಾಲು ಬಿಡದೆ ಒದೆಯುತ್ತಿತ್ತು. ಇವತ್ತೂ ಒದ್ದರೆ ನಾಳೆ ಸಂತೆಗೆ ಹೊಡೆಯುವುದೇ ಸೈ ಎಂದು ತೋಟದ ಹಿರಿಯರಾದ ಮುನಿಶಾಮಪ್ಪನವರು ಹೇಳಿಬಿಟ್ಟಿದ್ದರು.

ಅವತ್ತು ನಂಜಪ್ಪನ ಸರದಿ. ಅಕ್ಕಯ್ಯಮ್ಮ ತಾನು ಉಟ್ಟು ಬಿಟ್ಟ ಸೀರೆಯೊಂದನ್ನು ತಂದು ಅವನ ಕೈಗಿಟ್ಟಳು.

"ಇದನ್ನ ಸುತ್ಕೊಂಡು ಕೂತ್ಕೊ ನಂಜಣ್ಣ. ಅವ್ಳಿಗೆ ನನ್ನ ಮೈವಾಸ್ನೆ ಬೇಕು, ಅಷ್ಟೇಯ."

"ಥೂ, ನಾನಾ? ಪ್ಯಾಟೆ ಭಾವ ಬೇರೆ ನೋಡ್ತಾವ್ರೆ ಕಣಕ್ಕಾ!"

"ನೋಡ್ಲಿ ಬಿಡು. ನಾಳೆ ಸಂತೆಗೆ ಹೋಗೋದು ನೀನಲ್ಲ, ನನ್ನ ಗೌರಿ."

ಗಿರಿಜಾಮೀಸೆಯ ನಂಜಪ್ಪ ಸೆರಗು ಹೊದ್ದು, ಚೊಂಬು ಹಿಡಿದು ಕೂತ. ನಾನು ನಗು ತಡೆಯಲಾರದೆ ಶಲ್ಯದ ತುದಿ ಕಚ್ಚಿದೆ. ಕಣ್ಣಿಗೆ ಬಿದ್ದರೆ ಗೌರಿ ತನ್ನನ್ನೇ ಕೂಗುತ್ತದೆಂದು ಅಕ್ಕಯ್ಯಮ್ಮ ಗೋಡೆಯ ಮರೆಗೆ ಹೋದಳು. ಕರುವನ್ನು ಬಿಟ್ಟು, ಎರಡು ಗುಟುಕು ಕುಡಿದಮೇಲೆ ಎಳೆದು ಕಟ್ಟಿದರು. ಗೌರಿ ಕತ್ತು ತಿರುಗಿಸಿ ಸೆರಗನ್ನು ಮೂಸಿತು, ಸುಮ್ಮನಾಯಿತು. ಚೊಂಬಿನೊಳಗೆ ಸೊರ್ರೆಂದು ಹಾಲು ಬಿತ್ತು.

"ಸರಿ, ಇರ್ಲಿ ಬಿಡ್ರಪ್ಪಾ" ಎಂದು, ಅಲ್ಲೇ ಕೂತು ನೋಡುತ್ತಿದ್ದ ಮುನಿಶಾಮಪ್ಪನವರು ಟವಲು ಕೊಡವಿಕೊಂಡು ಎದ್ದು ಹೋದರು.

ಏನೋ ನಾನೇ ಹಾಲು ಕರೆದವನ ಹಾಗೆ, ಈ ಒಳ್ಳೆಯ ಸುದ್ದಿ ಹೇಳಲು ಗೋಡೆಯ ಹಿಂದಕ್ಕೆ ಓಡಿದೆ. ಹೇಳುವ ಅಗತ್ಯವಿರಲಿಲ್ಲ, ಹಾಲಿನ ಸದ್ದು ಅಲ್ಲಿಗೂ ಕೇಳುತ್ತಿತ್ತು. ಅಕ್ಕಯ್ಯಮ್ಮ ಕಣ್ಣೊರೆಸಿಕೊಳ್ಳುತ್ತ ನಗುತ್ತಿದ್ದಳು. ಖುಷಿಯಾಗಿತ್ತು ಆಕೆಗೆ, ಹೊಟ್ಟೆಯೂ ಉರಿದಿತ್ತು.

"ಉಳ್ಕೊಂಡ್ಲಲ್ಲ ಸ್ವಾಮಿ, ಅಷ್ಟು ಸಾಕು" ಎಂದಳು. ಆಮೇಲೆ ಕೊಟ್ಟಿಗೆಯ ಕಡೆ ತಿರುಗಿ, "ಆದ್ರೂ ನನ್ನ ಮಕ ನೋಡ್ಕೊಂಡಾದ್ರೂ ಒಂದೇ ಒಂದ್ ಸಲ ಒದೀಬಾರ್ದಾಗಿತ್ತಾ, ಮುಂಡೇದು!" ಎಂದಳು.